ಫೋನಿನ ಮಾರುಕಟ್ಟೆಗೆ ಒಂದೇ ಗೇಟು ಸಾಕೆ?

ರೈತ ಬಾಂಧವರೇ, ಮಾರುಕಟ್ಟೆಗೆ ಒಂದೇ ಗೇಟಿದ್ದು ಅದರ ಕೀಲಿ ಒಬ್ಬನ ಕೈಯಲ್ಲೇ ಇದ್ದರೆ ಏನಾಗುತ್ತದೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೂಕ ಅವನದೇ, ದರ ಅವನದೇ, ಸೂಟು ಅವನದೇ, ಬಿಳಿ ಚೀಟಿಯೂ ಅವನದೇ. ಹೀಗಾಗಬಾರದೆಂದೇ ನಮ್ಮ ರಾಜ್ಯದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂತು. ಬಹಿರಂಗ ಹರಾಜು, ಸರಿಯಾದ ತೂಕ, ರೈತರ ಪ್ರತಿನಿಧಿಗಳಿರುವ ಸಮಿತಿ, ದಲಾಲಿಯನ್ನು ಖರೀದಿದಾರನಿಂದಲೇ ಪಡೆಯಬೇಕೆಂಬ ಕಟ್ಟಳೆ, ಇವೆಲ್ಲ ನಿಯಂತ್ರಿತ ಮಾರುಕಟ್ಟೆಯ ಕೊಡುಗೆ. ಕಟ್ಟಳೆ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದು ಬೇರೆ ಮಾತು. ಕಟ್ಟಳೆಯೊಂದು ಇದೆ ಎಂಬ ಧೈರ್ಯದಿಂದಲೇ ಅಲ್ಲವೇ ನಾವು ಯಾರ್ಡಿನಲ್ಲಿ ನಿಂತು ಜಗಳವಾಡುವುದು?

ಇಂದು ನಿಮ್ಮ ಅಂಗಿಯ ಜೇಬಿನೊಳಗೇ ಇನ್ನೊಂದು ಮಾರುಕಟ್ಟೆ ಇದೆ. ಅದಕ್ಕೂ ಒಂದೇ ಗೇಟು. ಆ ಗೇಟಿನ ವಿಷಯ ದೆಹಲಿಯಲ್ಲಿ, ಯುರೋಪಿನಲ್ಲಿ, ಜಪಾನಿನಲ್ಲಿ ದೊಡ್ಡ ವ್ಯಾಜ್ಯವಾಗಿದೆ. ಅದು ಪಟ್ಟಣದವರ ಜಗಳವೆಂದು ಪುಟ ತಿರುವಬೇಡಿ.

ಜೇಬಿನೊಳಗಿನ ಯಾರ್ಡು

ಹವಾಮಾನ ತಿಳಿಯಲು 'ಮೇಘದೂತ', ಸಿಡಿಲಿನ ಎಚ್ಚರಿಕೆಗೆ 'ದಾಮಿನಿ', ಪಹಣಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಲು ಬೆಳೆ ಸಮೀಕ್ಷೆಯ ಆ್ಯಪ್. ಇವನ್ನೆಲ್ಲ ನೀವು ಫೋನಿಗೆ ಇಳಿಸಿಕೊಂಡದ್ದು ಎಲ್ಲಿಂದ? ಬಹುಪಾಲು ಮಂದಿ 'ಪ್ಲೇ ಸ್ಟೋರ್' ಎಂಬ ಅಂಗಡಿಯಿಂದ. ಅದನ್ನು ನೀವು ಹುಡುಕಿಕೊಂಡು ಹೋಗಲಿಲ್ಲ, ಫೋನು ಕೊಂಡಾಗಲೇ ಅದರೊಳಗಿತ್ತು. ಅದರ ಒಡೆಯ ಗೂಗಲ್ ಕಂಪನಿ. ಫೋನನ್ನು ನಡೆಸುವ 'ಆಂಡ್ರಾಯ್ಡ್' ಎಂಬ ಮೂಲ ತಂತ್ರಾಂಶವೂ ಅದರದೇ. ನಮ್ಮ ದೇಶದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆಂಡ್ರಾಯ್ಡ್ ಫೋನುಗಳೇ. ಉಳಿದ ಆಪಲ್ ಫೋನುಗಳಲ್ಲಂತೂ ನಮ್ಮಲ್ಲಿ ಆಪಲ್‌ನ ಅಂಗಡಿಯೊಂದೇ ಗತಿ.

ಈ ಅಂಗಡಿಯಲ್ಲಿ ಆ್ಯಪ್ ಇಡುವವರು ಫೋನಿನ ಒಳಗೇ ಸೇವೆಗೆ ಹಣ ಪಡೆದರೆ ಅಂಗಡಿಯವನಿಗೆ ದಲಾಲಿ ಕೊಡಬೇಕು. ಗೂಗಲ್ ಇಟ್ಟುಕೊಂಡು ಬಂದ ದರ ನೂರಕ್ಕೆ 15 ಇಲ್ಲವೇ 30. ಉಚಿತ ಆ್ಯಪ್‌ಗೆ ಇದು ಇಲ್ಲ, ಬೀಜ ಗೊಬ್ಬರದಂಥ ಸರಕಿನ ಮಾರಾಟಕ್ಕೂ ಇಲ್ಲ. ಹಾಗಾಗಿ ಇದರ ಬಿಸಿ ನಿಮಗೆ ನೇರವಾಗಿ ತಟ್ಟಿರಲಾರದು. ಆದರೆ ನಮ್ಮ ಜಿಲ್ಲೆಯ ನಾಲ್ಕು ಹುಡುಗರು ಸೇರಿ ಕನ್ನಡದಲ್ಲಿ ಬೆಳೆ ಸಲಹೆಯ ಆ್ಯಪ್ ಮಾಡಿ ವರ್ಷಕ್ಕೆ 200 ರೂಪಾಯಿ ಚಂದಾ ಇಟ್ಟರೆನ್ನಿ. ಕಡಿಮೆ ದರದಲ್ಲೇ ಲೆಕ್ಕ ಹಾಕಿದರೂ ತಲೆಗೆ 30 ರೂಪಾಯಿ ಅಂಗಡಿಗೆ ಹೋಯಿತು. ಅದನ್ನು ಆ ಹುಡುಗರು ಕೊನೆಗೆ ಯಾರ ಮೇಲೆ ಹಾಕಬೇಕು?

ಎಪಿಎಂಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಎಪಿಎಂಸಿ ಯಾರ್ಡು ಸಾರ್ವಜನಿಕ ಸಂಸ್ಥೆ. ಕಾರ್ಯದರ್ಶಿ ಅಲ್ಲಿ ಮಂಡಿ ಇಡುವಂತಿಲ್ಲ. ಫೋನಿನ ಯಾರ್ಡಿನಲ್ಲಿ ಒಡೆಯನೇ ವ್ಯಾಪಾರಿಯೂ ಹೌದು. ಗೂಗಲ್‌ಗೆ ತನ್ನದೇ ನಕಾಶೆಯ ಆ್ಯಪ್ ಇದೆ, ಹಣ ಕಳಿಸುವ ಆ್ಯಪ್ ಇದೆ, ವಿಡಿಯೋ ಆ್ಯಪ್ ಇದೆ. ಅವುಗಳ ಪ್ರತಿಸ್ಪರ್ಧಿಗಳೂ ಅದೇ ಗೇಟಿನಿಂದಲೇ ಒಳಗೆ ಬರಬೇಕು. 2020ರಲ್ಲಿ ಯಾರ್ಡಿನ ಹೊರಗೂ ಮಾರಾಟಕ್ಕೆ ಅವಕಾಶ ಕೊಡುವ ತಿದ್ದುಪಡಿ ಬಂದಾಗ ನಮ್ಮಲ್ಲೇ ಎರಡು ಮತವಿತ್ತು. ಯಾರ್ಡು ನಮ್ಮದೆಂಬ ಭಾವನೆಯಿಂದ ಅನೇಕರು ಅದನ್ನು ವಿರೋಧಿಸಿದರು. ಅಂಥವರೂ ಈ ಯಾರ್ಡು ನಮ್ಮದೆನ್ನಲಾರರು.

ಆದೇಶ ಬಂತು, ಕಲಮು ಬಿತ್ತು

ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತು. ಆಂಡ್ರಾಯ್ಡ್ ಫೋನುಗಳಲ್ಲಿ ತನಗಿರುವ ಪ್ರಾಬಲ್ಯವನ್ನು ಕಂಪನಿ ದುರುಪಯೋಗ ಮಾಡಿಕೊಂಡಿದೆ ಎಂಬುದು ಆಯೋಗದ ತೀರ್ಮಾನ. ಐದು ದಿನಗಳ ನಂತರ, ಅಂಗಡಿಯ ಹಣ ಪಾವತಿಯ ನಿಯಮಗಳಿಗಾಗಿ ಇನ್ನೂ 936.44 ಕೋಟಿ ದಂಡ ಬಿತ್ತು. ದಂಡದ ಮೊತ್ತ ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂತು. ನಮಗೆ ಮುಖ್ಯವಾದುದು ಅದಲ್ಲ, ಮೊದಲ ಆದೇಶದ ಒಂದು ಕಲಮು. ಬೇರೆಯವರು ನಡೆಸುವ ಆ್ಯಪ್ ಅಂಗಡಿಗಳನ್ನೂ ಪ್ಲೇ ಸ್ಟೋರಿನ ಮೂಲಕವೇ ಜನರಿಗೆ ತಲುಪಲು ಬಿಡಬೇಕೆಂದು ಅದು ಹೇಳಿತ್ತು. ಅಂದರೆ, ಯಾರ್ಡಿನ ಒಳಗೇ ಎರಡನೆಯ ಮಂಡಿಗೆ ಜಾಗ.

2023ರ ಮಾರ್ಚ್ 29ರಂದು ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಈ 1337 ಕೋಟಿಯ ದಂಡವನ್ನು ಎತ್ತಿಹಿಡಿಯಿತು. ಆದರೆ ಆಯೋಗದ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ರದ್ದು ಮಾಡಿತು. ಈ ಕಲಮು ಹೋದದ್ದು ಆ ನಾಲ್ಕರಲ್ಲಿ. ಎರಡೂ ಕಡೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ದಂಡ ಖಜಾನೆಗೆ ಹೋಗುತ್ತದೆ, ಗೇಟು ಮಾತ್ರ ಇದ್ದಂತೆಯೇ ಉಳಿಯುತ್ತದೆ. ರೈತನ ಮಾಲು ಕಸಿದವನಿಗೆ ದಂಡ ಹಾಕಿ, ರೈತನನ್ನು ಮರುದಿನ ಅದೇ ಮಂಡಿಗೆ ಕಳಿಸಿದಂತಾಯಿತು ಇದು.

ಒಂದೇ ಗೇಟಿನ ಅಪಾಯ ಕಲ್ಪನೆಯ ಮಾತಲ್ಲ. 2024ರ ಮಾರ್ಚ್ 1ರಂದು ದಲಾಲಿಯ ತಕರಾರಿನಲ್ಲಿ ಗೂಗಲ್ ನಮ್ಮ ದೇಶದ ಕೆಲವು ಕಂಪನಿಗಳ ಆ್ಯಪ್‌ಗಳನ್ನು ಅಂಗಡಿಯಿಂದ ತೆಗೆದುಹಾಕಿತು. ಉದ್ಯೋಗ ಹುಡುಕುವ 'ನೌಕ್ರಿ', ವಧೂವರರ 'ಭಾರತ್ ಮ್ಯಾಟ್ರಿಮೊನಿ' ಅವುಗಳಲ್ಲಿದ್ದವು. ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿ ಬಂದವು. ಶುಲ್ಕ ಕೊಡದವರ ಮೇಲೆ ಮಾತ್ರ ಕ್ರಮ ಕೈಗೊಂಡೆವೆಂದು ಕಂಪನಿ ಹೇಳಿತು. ತಕರಾರಿನಲ್ಲಿ ಯಾರದು ಸರಿಯೋ, ಅದಿರಲಿ. ದೊಡ್ಡ ಕಂಪನಿಗಳಿಗೆ ಮಂತ್ರಿಗಳ ಬಾಗಿಲು ತಟ್ಟಲು ಗೊತ್ತು. ಜಿಲ್ಲೆಯ ಆ ನಾಲ್ಕು ಹುಡುಗರು ಯಾರ ಬಾಗಿಲು ತಟ್ಟಬೇಕು?

ಗೇಟು ತೆರೆದರೂ ಸುಂಕ ತಪ್ಪದು

ಗೇಟು ತೆರೆಯಿರೆಂದು ಆಜ್ಞೆ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬ ಪಾಠ ಯುರೋಪಿನದು. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಕಟ್ಟುಪಾಡು ದೊಡ್ಡ ಕಂಪನಿಗಳಿಗೆ ಅನ್ವಯವಾದದ್ದು 2024ರ ಮಾರ್ಚ್ 7ರಿಂದ. ಆಪಲ್ ತನ್ನ ಫೋನಿನಲ್ಲಿ ಬೇರೆ ಅಂಗಡಿಗಳಿಗೆ ಜಾಗ ಕೊಟ್ಟಿತು. ಜೊತೆಗೆ ಹೊಸ ಸುಂಕವೊಂದನ್ನೂ ಹಾಕಿತು. ಈ ಹೊಸ ವ್ಯವಸ್ಥೆಗೆ ಬಂದ ಆ್ಯಪ್ ವರ್ಷಕ್ಕೆ ಹತ್ತು ಲಕ್ಷ ಮಂದಿಯನ್ನು ದಾಟಿದರೆ, ಆಮೇಲಿನ ಪ್ರತಿಯೊಬ್ಬರ ಲೆಕ್ಕದಲ್ಲಿ ಅರ್ಧ ಯುರೋ ಕೊಡಬೇಕೆಂಬುದು ಆರಂಭದ ಷರತ್ತು. ನಮ್ಮಲ್ಲೂ ಹಾಗೆಯೇ ಆಯಿತು. ಬೇರೆಯವರ ಪಾವತಿ ವ್ಯವಸ್ಥೆಯನ್ನು ಒಪ್ಪಬೇಕೆಂದು ಆಯೋಗ ಹೇಳಿದ ಮೇಲೆ ಗೂಗಲ್ ಒಪ್ಪಿತು, ಆದರೆ ದಲಾಲಿಯಲ್ಲಿ ಇಳಿಸಿದ್ದು ನಾಲ್ಕೇ ಅಂಶ. 30 ಇದ್ದದ್ದು 26 ಆಯಿತು, 15 ಇದ್ದದ್ದು 11. ತಕ್ಕಡಿ ಬೇರೆಯವನದು, ಕಾಟಾ ಹಣ ಮಾತ್ರ ಇವನಿಗೇ!

ಜಪಾನ್ 2024ರಲ್ಲಿ ಇಂಥದೇ ಕಾಯಿದೆ ಮಾಡಿ 2025ರ ಡಿಸೆಂಬರ್ 18ರಿಂದ ಪೂರ್ಣವಾಗಿ ಜಾರಿಗೆ ತಂದಿತು. ನಮ್ಮಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚಿನಲ್ಲೇ ಪ್ರಕಟವಾಗಿ, ಜನರ ಅಭಿಪ್ರಾಯವನ್ನೂ ಕೇಳಲಾಗಿತ್ತು.

ಕಳ್ಳರ ಭಯ

ಇದಕ್ಕೆ ಎದುರಾಗಿ ಒಂದು ಮಾತಿದೆ, ಅದು ತಳ್ಳಿಹಾಕುವ ಮಾತಲ್ಲ. ಗೇಟು ಸಡಿಲವಾದರೆ ಕಳ್ಳರು ನುಗ್ಗುತ್ತಾರೆಂದು ಕಂಪನಿಗಳು ಹೇಳುತ್ತವೆ. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಸುಳ್ಳು ಕಡತವನ್ನು ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರ ಸುದ್ದಿಯನ್ನು ನೀವು ಇದೇ ಪತ್ರಿಕೆಗಳಲ್ಲಿ ಓದಿದ್ದೀರಿ. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿರುವ ಆ ಕಡತ ಪ್ಲೇ ಸ್ಟೋರಿನಿಂದ ಬಂದದ್ದಲ್ಲ, ಹೊರಗಿನಿಂದ ಬಂದದ್ದು. ಹಾಗಿರುವಾಗ ಹೊರಗಿನ ಅಂಗಡಿಗೆ ದಾರಿ ಬಿಡುವುದು ಸರಿಯೇ?

ಇಲ್ಲೇ ಸೂಕ್ಷ್ಮವಿರುವುದು. ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರವರಿಯಲ್ಲಿ 'ಇಂಡಸ್ ಆ್ಯಪ್‌ಸ್ಟೋರ್' ಎಂಬ ಅಂಗಡಿ ತೆರೆಯಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದು ಸಿಗುವಂತೆ ಮಾಡಿತು. ಇದೇನೂ ಬಡವರ ಸಹಕಾರ ಸಂಘವಲ್ಲ, ಅಮೆರಿಕದ ವಾಲ್‌ಮಾರ್ಟ್‌ನ ಹಣ ಅದರ ಹಿಂದಿದೆ. ಅದೇನೇ ಇರಲಿ, ಆ ಕಲಮು ಬಿದ್ದುಹೋದ್ದರಿಂದ ಇಂಥ ಅಂಗಡಿಗೆ ಪ್ಲೇ ಸ್ಟೋರಿನ ಗೇಟು ತೆರೆಯಲಿಲ್ಲ. ಫೋನು ತಯಾರಿಸುವವರು ಮೊದಲೇ ತುಂಬಿಕೊಡಬೇಕು, ಇಲ್ಲವೇ ನೀವೇ 'ಎಪಿಕೆ' ಕಡತವಾಗಿ ಇಳಿಸಿಕೊಂಡು, ಫೋನು ತೋರಿಸುವ ಎಚ್ಚರಿಕೆಯನ್ನು ದಾಟಿ, ಅಪರಿಚಿತ ಮೂಲಕ್ಕೆ ಅನುಮತಿ ಕೊಡಬೇಕು. ವಂಚಕನು ನಿಮ್ಮಿಂದ ಮಾಡಿಸುವುದೂ ಇದನ್ನೇ! ಮರ್ಯಾದಸ್ಥ ವ್ಯಾಪಾರಿಗೆ ಮುಖ್ಯ ಗೇಟು ಮುಚ್ಚಿ, ಕಳ್ಳ ಬರುವ ಸಂದಿಯಲ್ಲೇ ಬಾ ಎಂದರೆ ಕಳ್ಳ ಯಾರು, ವ್ಯಾಪಾರಿ ಯಾರು ಎಂದು ಜನರಿಗೆ ತಿಳಿಯುವುದು ಹೇಗೆ? ಕಳ್ಳರ ಭಯವಿರುವುದರಿಂದಲೇ ಎರಡನೆಯ ಅಂಗಡಿ ಮುಖ್ಯ ಗೇಟಿನಿಂದ, ತಪಾಸಣೆಯಾಗಿ, ಮೊಹರು ಹಾಕಿಸಿಕೊಂಡು ಬರಬೇಕು. ಯುರೋಪಿನಲ್ಲಿ ಬೇರೆ ಅಂಗಡಿಯ ಆ್ಯಪ್‌ಗಳನ್ನೂ ಆಪಲ್ ತಪಾಸಣೆ ಮಾಡಿಯೇ ಬಿಡುತ್ತದೆ. ತಪಾಸಣೆ ಬೇರೆ, ದಲಾಲಿ ಬೇರೆ. ತಕ್ಕಡಿಗೆ ಮುದ್ರೆ ಹಾಕುವವನು ಮಾಲಿನಲ್ಲಿ ಪಾಲು ಕೇಳುವಂತಿಲ್ಲ.

ಎರಡನೆಯ ಖರೀದಿದಾರ

ಅಡಿಕೆ ಬೆಳೆಗಾರರಿಗೆ 1973 ನೆನಪಿರಬೇಕು. ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ ವರ್ಷ ಅದು. ಬೆಳೆಗಾರರೆಲ್ಲ ಅದಕ್ಕೇ ಅಡಿಕೆ ಹಾಕಲಿಲ್ಲ, ಈಗಲೂ ಹಾಕುವುದಿಲ್ಲ. ಆದರೂ ಎರಡನೆಯ ಖರೀದಿದಾರ ಪೇಟೆಯಲ್ಲಿದ್ದಾನೆ ಎಂಬುದರಿಂದಲೇ ಮೊದಲನೆಯವನು ದರ ಹೇಳುವ ಮುನ್ನ ಯೋಚಿಸುತ್ತಾನೆ. ಆ್ಯಪ್ ಅಂಗಡಿಯ ವಿಷಯವೂ ಇಷ್ಟೇ. ನೀವು ಪ್ಲೇ ಸ್ಟೋರನ್ನು ಬಿಡಬೇಕಾಗಿಲ್ಲ, ಬಿಡಬಹುದೆಂಬ ಅವಕಾಶವಿದ್ದರೆ ಸಾಕು.

ಆದಕಾರಣ ಬಿದ್ದುಹೋದ ಆ ಕಲಮು ಕಾಯಿದೆಯ ರೂಪದಲ್ಲಾದರೂ ಮರಳಿ ಬರಬೇಕು. ಜೊತೆಗೆ ದಲಾಲಿಗೆ ಮಿತಿ ಬೇಕು, ತಪಾಸಣೆಯ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಇವೆರಡಿಲ್ಲದೆ ಬರಿಯ ಗೇಟು ತೆರೆದರೆ ಯುರೋಪಿನ ಕಥೆಯೇ ಇಲ್ಲೂ ಆದೀತು. ಸರ್ಕಾರವೂ ತನ್ನ ಮನೆಯನ್ನು ಸರಿಮಾಡಿಕೊಳ್ಳಲಿ. ಬೆಳೆ ಸಮೀಕ್ಷೆಯಂಥ ಕೆಲಸ ಒಂದೇ ಅಂಗಡಿಯ ಆ್ಯಪ್‌ಗೆ ಜೋತುಬೀಳದೆ, ರೈತ ಸಂಪರ್ಕ ಕೇಂದ್ರದ ಮೂಲಕವೂ ನಡೆಯುವಂತಿರಬೇಕು. ಮುಂದಿನ ಗ್ರಾಮಸಭೆಯಲ್ಲಿ, ಸಹಕಾರ ಸಂಘದ ಸಭೆಯಲ್ಲಿ ಈ ಮಾತನ್ನು ಎತ್ತಿ. ನಿಮ್ಮ ಸಂಸದರಿಗೆ ಒಂದು ಕಾರ್ಡು ಬರೆಯಿರಿ.

ಅಲ್ಲಿಯವರೆಗೆ ಒಂದು ಎಚ್ಚರಿಕೆ. ವಾಟ್ಸ್‌ಆ್ಯಪ್‌ನಲ್ಲಿ ಯಾರೇ ಕಳಿಸಲಿ, ಮಗನೇ ಕಳಿಸಲಿ, 'ಎಪಿಕೆ' ಎಂದಿರುವ ಕಡತವನ್ನು ಒತ್ತಬೇಡಿ. ಮೋಸ ಹೋದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಫೋನು ಮಾಡಿ. ಓದಲು ಬಾರದ ನೆರೆಯವರಿಗೂ ಇದನ್ನು ತಿಳಿಸಿ ಹೇಳಿ.