ಮನೆ ನಮ್ಮದಾದರೂ ಬೀಗ ನಮ್ಮದಲ್ಲ

ಬೆಂಗಳೂರಿನಲ್ಲಿದ್ದು ಚೆನ್ನೈಯಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡ ಕುಟುಂಬಗಳು ಕಡಿಮೆಯೇನಿಲ್ಲ. ಅಪ್ಪ ಮದರಾಸಿನಲ್ಲಿ ನೌಕರಿಯಲ್ಲಿದ್ದಾಗ ಟಿ. ನಗರದಲ್ಲೋ ಟ್ರಿಪ್ಲಿಕೇನಿನಲ್ಲೋ ಕೊಂಡ ಮನೆ ಈಗ ಮಕ್ಕಳ ಕೈಗೆ ಬಂದಿರುತ್ತದೆ. ಬೆಂಗಳೂರಿನ ರೂಢಿಯೂ ಅದರ ಹಿಂದೆಯೇ ಹೋಗುತ್ತದೆ: ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಅಡ್ವಾನ್ಸು, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು. ಮಾಲೀಕರು ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಂಥ ರೂಢಿಯಿಂದಲೇ ಹೊರತು ಕೆಟ್ಟ ಬಾಡಿಗೆದಾರರಿಂದಲ್ಲ ಎಂಬುದು ನನ್ನ ವಾದ.

ಹನ್ನೊಂದು ತಿಂಗಳ ಲೆಕ್ಕವನ್ನೇ ನೋಡಿ. ಒಂದು ವರ್ಷ ಮೀರಿದ ಗೇಣಿಪತ್ರ ನೋಂದಣಿಯಾಗಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಹುಟ್ಟಿದ ದಾರಿ ಇದು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ ಈ ಕರಾರೇ ಅಲ್ಲಿ ನಡೆದುಕೊಂಡು ಬಂದಿದೆ. ತಮಿಳುನಾಡಿನಲ್ಲಿ ಮಾತು ಬೇರೆ. 1960ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ 2017ರ ಹೊಸ ಕಾಯ್ದೆ 2019ರ ಫೆಬ್ರುವರಿ 22ರಿಂದ ಜಾರಿಗೆ ಬಂತು. ಅವಧಿ ಎಷ್ಟೇ ಕಿರಿದಾಗಿರಲಿ, ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಸ್ಟಾಂಪ್ ಕಾಗದಕ್ಕೆ ಸಹಿ ಹಾಕಿ ಬೀರುವಿನಲ್ಲಿಟ್ಟ ಮಾತ್ರಕ್ಕೆ ನೆಮ್ಮದಿಯಿಂದಿರುವಂತಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಮುಂಗಡವೂ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ.

ಕಾನೂನು ಯಾವಾಗಲೂ ಬಾಡಿಗೆದಾರರ ಪರ ಎಂದು ಮಾಲೀಕರು ನೊಂದು ಹೇಳುವುದುಂಟು. ಹಳೆಯ ಕಾಯ್ದೆಯ ಕಾಲದಲ್ಲಿ ಅದು ಸುಳ್ಳಾಗಿರಲಿಲ್ಲ. ದಶಕಗಳ ಹಿಂದಿನ ಬಾಡಿಗೆಗೇ ಮನೆ ಹಿಡಿದು ಕೂತವರ ವಿರುದ್ಧ ಕೋರ್ಟು ಅಲೆದು ಸೋತವರಿದ್ದಾರೆ. ಆದರೆ ಈಗ ಬಾಡಿಗೆ ಎಷ್ಟೆಂಬುದು ಇಬ್ಬರ ಒಪ್ಪಂದಕ್ಕೆ ಬಿಟ್ಟದ್ದು. ಎರಡು ತಿಂಗಳ ಬಾಕಿಯನ್ನು ನೋಟಿಸು ಕೊಟ್ಟ ಮೇಲೂ ತೀರಿಸದಿದ್ದರೆ, ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಬೇರೆಯವರಿಗೆ ಕೊಟ್ಟರೆ, ಬಾಡಿಗೆ ನ್ಯಾಯಾಲಯದಲ್ಲಿ ತೆರವು ಕೇಳಬಹುದು. ಅಂದಮೇಲೆ ಅಡ್ಡದಾರಿಗೆ ನೆಪವೂ ಉಳಿದಿಲ್ಲ.

ಅಡ್ಡದಾರಿ ಎಂದರೆ ಏನೆಂಬುದು ಚೆನ್ನೈಯವರಿಗೆ ಗೊತ್ತು. ಬೇಸಿಗೆಯಲ್ಲಿ ಲಾರಿ ನೀರು ಸಂಪಿಗೆ ಬಿದ್ದಿದೆ, ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರಿನ ಸ್ವಿಚ್ಚು ಕೆಳಮನೆಯ ಮಾಲೀಕರ ವಶದಲ್ಲಿದೆ. ಬಾಡಿಗೆ ತಡವಾಯಿತು; ಸ್ವಿಚ್ಚು ಒತ್ತುವುದನ್ನು ನಿಲ್ಲಿಸಿದರು. ಮೇಲಿನವರು ಕೊಡಗಳಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಾರೆ. ಬಾಕಿ ಇರುವುದು ನಿಜವೇ ಆದರೂ ನೀರು, ಕರೆಂಟು ತಡೆಯುವುದನ್ನು 2017ರ ಕಾಯ್ದೆ ನಿಷೇಧಿಸುತ್ತದೆ. ಪ್ರಾಧಿಕಾರ ಮಧ್ಯಂತರ ಆದೇಶ ಕೊಟ್ಟು ಮತ್ತೆ ಕೊಡಿಸಬಹುದು. ನ್ಯಾಯ ತಮ್ಮ ಕಡೆ ಇದ್ದ ಮಾಲೀಕರು ಅಲ್ಲಿ ಆರೋಪಿಯಾಗಿ ನಿಲ್ಲುತ್ತಾರೆ. ಬಾಡಿಗೆದಾರರಿಲ್ಲದಾಗ ಬೀಗ ಬದಲಿಸಿದರಂತೂ ಇನ್ನೂ ಕೆಟ್ಟದ್ದು: 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ, ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದೆಂಬ ಪ್ರಶ್ನೆ ಮುಖ್ಯವಾಗುವುದೇ ಇಲ್ಲ.

ಈ ಆತುರದ ಹಿಂದೆ ಒಂದು ಭಯವೂ ಇದೆ: ಹನ್ನೆರಡು ವರ್ಷ ಇದ್ದವರಿಗೆ ಮನೆಯೇ ಹೋಗಿಬಿಡುತ್ತದೆ ಎಂಬುದು. ಬಾಡಿಗೆಗೆ ಬಂದವರು ಬಾಡಿಗೆದಾರರಾಗಿ ಇರುವವರೆಗೆ ಮಾಲೀಕರ ಹಕ್ಕನ್ನು ಅಲ್ಲಗಳೆಯುವಂತಿಲ್ಲವೆಂದು ಸಾಕ್ಷ್ಯ ಕಾನೂನು 1872ರಿಂದಲೂ ಹೇಳುತ್ತಿದೆ. ಆ ಬಾಡಿಗೆ ಸಂಬಂಧವನ್ನು ತೋರಿಸಿಕೊಡುವುದು ನೋಂದಾಯಿತ ಕರಾರು ಮತ್ತು ಬ್ಯಾಂಕಿನ ಮೂಲಕ ಪಡೆದ ಬಾಡಿಗೆ. ನೋಂದಣಿಯಿಂದ ನುಣುಚಿಕೊಳ್ಳುವವರು ತಮ್ಮದೇ ಸಾಕ್ಷಿಯನ್ನು ಕಳೆದುಕೊಳ್ಳುತ್ತಾರೆ.

ಇನ್ನು ಪೇಂಟಿಂಗು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು, ವೈರಿಂಗು ಮಾಲೀಕರ ಪಾಲಿಗೆ. ನಲ್ಲಿಯ ವಾಷರ್, ಸ್ವಿಚ್ಚಿನಂಥ ಸಣ್ಣ ರಿಪೇರಿ ಬಾಡಿಗೆದಾರರ ಪಾಲಿಗೆ ಎಂದು 2017ರ ಕಾಯ್ದೆಯ ಅನುಬಂಧವೇ ಹಂಚಿಕೊಟ್ಟಿದೆ. ನ್ಯಾಯವಾದ ಬಾಕಿಯನ್ನು ಕಳೆದು ಉಳಿದ ಮುಂಗಡವನ್ನು ಮನೆ ಬಿಟ್ಟ ಒಂದು ತಿಂಗಳೊಳಗೆ ಕೊಡಬೇಕು. ಮನೆ ಕೊಡುವ ದಿನವೇ ಗೋಡೆ, ನಲ್ಲಿ, ಮೀಟರಿನ ಅಂಕಿಯ ಫೋಟೋ ತೆಗೆದು ಇಬ್ಬರೂ ಸಹಿ ಹಾಕಿಟ್ಟುಕೊಂಡರೆ ಬಿಡುವ ದಿನ ಜಗಳಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.