ಹಲ್ಲುಜ್ಜುವ ಬ್ರಷ್‌ಗೆ ವಾರಸುದಾರರು ಯಾರು?

ಹಲ್ಲುಜ್ಜುವ ಬ್ರಷ್ಷನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕೆಂಬುದು ದಂತವೈದ್ಯರ ಸಲಹೆ. ಎಲ್ಲರೂ ಇದನ್ನು ಪಾಲಿಸುವುದಿಲ್ಲ ಎಂದೇ ಇಟ್ಟುಕೊಳ್ಳೋಣ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರದ ಜನಸಂಖ್ಯೆ ಸುಮಾರು 84 ಲಕ್ಷ. ಅವರಲ್ಲಿ ಅರ್ಧದಷ್ಟು ಮಂದಿ ವರ್ಷಕ್ಕೆ ಎರಡೇ ಬ್ರಷ್ ಬಳಸಿದರೆಂದು ಲೆಕ್ಕ ಹಾಕಿದರೂ ವರ್ಷಕ್ಕೆ 84 ಲಕ್ಷ ಬ್ರಷ್‌ಗಳು ಕಸದ ಬುಟ್ಟಿ ಸೇರುತ್ತವೆ. ಆ ಗಣತಿಯ ನಂತರ ನಗರ ಎಷ್ಟು ಬೆಳೆದಿದೆಯೆಂಬುದನ್ನು ಇಲ್ಲಿನ ರಸ್ತೆಗಳಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ.

ಇಷ್ಟು ಬ್ರಷ್‌ಗಳು ಎಲ್ಲಿಗೆ ಹೋಗುತ್ತವೆ? ಹಾಲಿನ ಕವರಿಗೆ, ನೀರಿನ ಬಾಟಲಿಗೆ, ರಟ್ಟಿನ ಡಬ್ಬಕ್ಕೆ ಗುಜರಿಯಲ್ಲಿ ಬೆಲೆಯಿದೆ. ಬ್ರಷ್‌ಗೆ ಇಲ್ಲ. ಅದರ ಹಿಡಿ ಪಾಲಿಪ್ರೊಪಿಲೀನ್, ಹಿಡಿಯ ಮೇಲಿನ ಮೆತ್ತನೆಯ ಪಟ್ಟಿ ರಬ್ಬರಿನಂಥ ಇನ್ನೊಂದು ಪ್ಲಾಸ್ಟಿಕ್, ಎಳೆಗಳು ನೈಲಾನ್, ಆ ಎಳೆಗಳನ್ನು ಗುಂಪು ಗುಂಪಾಗಿ ಹಿಡಿದಿಡುವುದು ಚಿಕ್ಕ ಲೋಹದ ಚೂರು. ನಾಲ್ಕನ್ನೂ ಬಿಡಿಸಿ ಬೇರೆ ಮಾಡುವ ಕೂಲಿ, ಸಿಗುವ ಪ್ಲಾಸ್ಟಿಕ್ಕಿನ ಬೆಲೆಗಿಂತ ಹೆಚ್ಚು. ಚಿಂದಿ ಆಯುವವರು ಅದನ್ನು ಮುಟ್ಟದಿರುವುದು ಅವರ ತಪ್ಪಲ್ಲ. ಪೇಸ್ಟಿನ ಟ್ಯೂಬಿನ ಕತೆಯೂ ಹೆಚ್ಚು ಭಿನ್ನವಲ್ಲ. ಹಿಂದೆ ತುದಿಯಿಂದ ಸುರುಳಿ ಸುತ್ತಿ ಒತ್ತುತ್ತಿದ್ದ ಅಲ್ಯೂಮಿನಿಯಂ ಟ್ಯೂಬಿನ ಜಾಗಕ್ಕೆ, ಪ್ಲಾಸ್ಟಿಕ್ ಪದರಗಳ ನಡುವೆ ತೆಳುವಾದ ಅಲ್ಯೂಮಿನಿಯಂ ಹಾಳೆಯಿರುವ ಟ್ಯೂಬು ಬಂದಿತು. ಈ ಪದರಗಳನ್ನು ಬಿಡಿಸುವುದು ಸುಲಭವಲ್ಲ. ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ, ಮರುಬಳಕೆ ಸಾಧ್ಯವಿರುವ ಟ್ಯೂಬುಗಳನ್ನು ಕೋಲ್ಗೇಟ್‌ನಂಥ ಕಂಪನಿಗಳು 2019ರಿಂದೀಚೆಗೆ ತರತೊಡಗಿವೆ ಎಂಬುದನ್ನೂ ಹೇಳಬೇಕು. ಆದರೆ ಮರುಬಳಕೆ ಸಾಧ್ಯವಿರುವುದು ಬೇರೆ, ಮರುಬಳಕೆ ಆಗುವುದು ಬೇರೆ.

ಇಂಥ ಕಸ ಊರ ಹೊರಗೆ ಯಾರದೋ ಹೊಲದ ಪಕ್ಕ ಗುಡ್ಡೆಯಾಗುತ್ತದೆ. 2014ರಲ್ಲಿ ಮಂಡೂರಿನ ಜನ ಬೀದಿಗಿಳಿದು ಬೆಂಗಳೂರಿನ ಕಸದ ಲಾರಿಗಳನ್ನು ವಿರೋಧಿಸಿದಾಗ ನಗರದ ಮಧ್ಯಮವರ್ಗಕ್ಕೆ ಆ ಊರಿನ ಹೆಸರು ಮೊದಲ ಬಾರಿ ಕಿವಿಗೆ ಬಿತ್ತು.

ಈ ತಳಮಳದಿಂದಲೇ ಈಗ 'ಶೂನ್ಯ ತ್ಯಾಜ್ಯ'ದ ಸರಕುಗಳಿಗೆ ಮಾರುಕಟ್ಟೆ ಹುಟ್ಟಿಕೊಂಡಿದೆ. ಬಿದಿರಿನ ಬ್ರಷ್, ಗಾಜಿನ ಭರಣಿಯ ಹಲ್ಲುಪುಡಿ, ಜಗಿದು ಉಜ್ಜುವ ಪೇಸ್ಟಿನ ಮಾತ್ರೆ. ನಮ್ಮ ಮನೆಯಲ್ಲೂ ಒಂದು ವರ್ಷದಿಂದ ಬಿದಿರಿನ ಬ್ರಷ್‌ಗಳಿವೆ. ಮಳೆಗಾಲದಲ್ಲಿ ಬುಡ ಕಪ್ಪಾಗಿ ಬೂಷ್ಟು ಹಿಡಿಯುತ್ತದೆಂಬುದನ್ನು ಬಿಟ್ಟರೆ ನನ್ನದೇನೂ ದೂರಿಲ್ಲ. ಆದರೆ ಅವನ್ನು 'ಪೂರ್ತಿ ಮಣ್ಣಾಗುವ' ಬ್ರಷ್ ಎಂದು ಮಾರುವುದಕ್ಕೆ ನನ್ನ ಆಕ್ಷೇಪವಿದೆ. ಹಿಡಿ ಬಿದಿರಿನದಾದರೂ ಎಳೆಗಳು ಬಹುಪಾಲು ನೈಲಾನಿನವೇ. ಹರಳೆಣ್ಣೆಯಿಂದ ಭಾಗಶಃ ತಯಾರಿಸಿದ ನೈಲಾನೂ ಮಣ್ಣಿನಲ್ಲಿ ಕರಗುವುದಿಲ್ಲ. ಇಕ್ಕಳದಿಂದ ಎಳೆಗಳನ್ನು ಕಿತ್ತ ಮೇಲಷ್ಟೇ ಹಿಡಿಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಬಂದದ್ದು ಹಂದಿಯ ಕೂದಲಿನ ಎಳೆಗಳಿಗೆ ಬದಲಾಗಿ. ನಮ್ಮ ಸಸ್ಯಾಹಾರಿ ಮನೆಗಳು ಆ ಹಳೆಯ ಪರಿಹಾರಕ್ಕೆ ಮರಳುವ ಸಂಭವ ಕಡಿಮೆ.

ಹಾಗಾದರೆ ಬೇವಿನ ಕಡ್ಡಿಗೇ ಹಿಂದಿರುಗೋಣವೆಂಬ ಮಾತು ಸಭೆಗಳಲ್ಲಿ ತಪ್ಪದೆ ಬರುತ್ತದೆ. ಬೇವು, ಹೊಂಗೆ, ಕರಾವಳಿಯ ಮಾವಿನೆಲೆ, ನಂಜನಗೂಡಿನ ಹಲ್ಲುಪುಡಿ ಇವೆಲ್ಲದರ ಬಗ್ಗೆ ನನಗೂ ಪ್ರೀತಿಯಿದೆ. ಆದರೆ ಹಳೆಯದೆಲ್ಲ ಹಿತವೆನ್ನುವುದು ಚರಿತ್ರೆಗೆ ಒಗ್ಗುವ ಮಾತಲ್ಲ. ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪು ಬೆರೆಸಿ ಮಾರುತ್ತಿದ್ದ ಕಾರಣಕ್ಕೆ 1992ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಈಗ ಫ್ಯಾಷನ್ನಾಗಿರುವ ಇದ್ದಿಲು ಪುಡಿಯನ್ನು ದಿನವೂ ತಿಕ್ಕಿದರೆ ಎನಾಮಲ್ ಸವೆಯಬಹುದೆಂದು ದಂತವೈದ್ಯರು ಎಚ್ಚರಿಸುತ್ತಾರೆ. ಒಮ್ಮೆ ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ಫ್ಲೋರೈಡಿನ ಪ್ರಶ್ನೆ. ಹಲ್ಲು ಹುಳುಕಾಗದಂತೆ ತಡೆಯುವುದರಲ್ಲಿ ಅದರ ಪಾತ್ರ ಎಷ್ಟೆಂದರೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ಮನೆಯಲ್ಲೇ ಅಡುಗೆ ಸೋಡಾ, ಉಪ್ಪು, ಲವಂಗದೆಣ್ಣೆ ಕಲಸಿ ಮಾಡುವ ಪೇಸ್ಟಿನಲ್ಲಿ ಅದಿಲ್ಲ. ಗಾಜಿನ ಭರಣಿಯಲ್ಲಿ ಬರುವ ಅನೇಕ ಗಿಡಮೂಲಿಕೆ ಪುಡಿಗಳಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ ಫ್ಲೋರೈಡ್ ಎಂದೊಡನೆ ಬಾಗೇಪಲ್ಲಿ, ಪಾವಗಡ, ಮುಂಡರಗಿಯ ಕಡೆ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದವರ, ಮೂಳೆ ಬಾಗಿದವರ ನೆನಪಾಗುವುದು ಸಹಜ, ನ್ಯಾಯವೂ ಹೌದು. ಅಲ್ಲಿ ದಂತವೈದ್ಯರನ್ನು ಕೇಳಿಯೇ ಪೇಸ್ಟನ್ನು ಆರಿಸಿಕೊಳ್ಳಬೇಕು. ಆದರೆ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕಾವೇರಿ ನೀರು ಕುಡಿದು, ಸಂಜೆ ಚಾಕೊಲೇಟ್ ತಿನ್ನುವ ಮಗುವಿಗೆ ಆ ವಾದ ಅನ್ವಯಿಸುವುದಿಲ್ಲ. ಕಸದ ಬುಟ್ಟಿಯಲ್ಲಿ ಒಂದು ಟ್ಯೂಬು ಉಳಿಸಲು ಮಗುವಿನ ಹಲ್ಲನ್ನು ಪಣಕ್ಕಿಡುವುದು ಪರಿಸರಪ್ರೇಮವೆಂದು ನಾನು ಒಪ್ಪಲಾರೆ. ಫ್ಲೋರೈಡ್ ಇರುವ ಪೇಸ್ಟಿನ ಮಾತ್ರೆಗಳೂ ಇವೆ. ಕೊಳ್ಳುವ ಮುನ್ನ ಲೇಬಲ್ ಓದಬೇಕಷ್ಟೆ.

ಇಷ್ಟೆಲ್ಲ ಜಾಗರೂಕತೆಯನ್ನು ಗೃಹಿಣಿಯ ತಲೆಗೆ ಕಟ್ಟುತ್ತಿರುವಾಗ ತಯಾರಕರು ಏನು ಮಾಡುತ್ತಿದ್ದಾರೆ? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ನಿಲ್ಲಿಸಬೇಕೆಂದಿದ್ದವು. ಎರಡು ವರ್ಷ ಮುಗಿಯುವ ಹೊತ್ತಿಗೆ, 2018ರಲ್ಲಿ, ಆ ಮಾತಿಗೆ 'ಶಕ್ತಿ ಉತ್ಪಾದನೆಗೂ ಬಾರದ, ಬೇರೆ ಉಪಯೋಗವೂ ಇಲ್ಲದ' ಎಂಬರ್ಥದ ಬಾಲ ಅಂಟಿಕೊಂಡಿತು. ಸುಟ್ಟರೆ ಉರಿಯುವುದೆಲ್ಲ ಇದರಿಂದ ಪಾರಾದಂತೆಯೇ. 2022ರ ಜುಲೈ 1ರಿಂದ ನಿಷೇಧಕ್ಕೊಳಗಾದ ವಸ್ತುಗಳಲ್ಲಿ ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್ ಇದೆ, ಬಲೂನಿನ ಕಡ್ಡಿಯಿದೆ, ಬ್ರಷ್ ಇಲ್ಲ. ಒಮ್ಮೆ ಬಳಸಿ ಎಸೆಯುವುದಲ್ಲವೆಂಬ ಕಾರಣ ಸರಿಯೇ. ಆದರೆ ಅದೇ ವರ್ಷದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿ ಪ್ಯಾಕಿಂಗ್‌ಗೆ ಮಾತ್ರ ಸಂಬಂಧಿಸಿದ್ದು. ಪೇಸ್ಟಿನ ಟ್ಯೂಬು ಪ್ಯಾಕಿಂಗ್, ಬ್ರಷ್ ಸರಕು. ಹೀಗಾಗಿ ಟ್ಯೂಬಿಗೆ ಕಾಗದದ ಮೇಲಾದರೂ ಒಬ್ಬ ಹೊಣೆಗಾರನಿದ್ದಾನೆ. ಬ್ರಷ್ಷನ್ನು ಸುತ್ತಿದ ಪ್ಲಾಸ್ಟಿಕ್ ಹಾಳೆಗೂ ಇದ್ದಾನೆ, ಒಳಗಿರುವ ಬ್ರಷ್‌ಗೆ ಮಾತ್ರ ಇಲ್ಲ.

ಹಳೆಯ ಬ್ರಷ್‌ನಿಂದ ಬಾಚಣಿಗೆ ತೊಳೆಯುವ, ಒಲೆಯ ಬರ್ನರ್ ಉಜ್ಜುವ, ಹಿಡಿಯ ತೂತಿಗೆ ದಾರ ಸಿಕ್ಕಿಸಿ ಲಂಗದ ಲಾಡಿ ಪೋಣಿಸುವ ಜಾಣತನ ನಮ್ಮ ಮನೆಗಳಿಗೆ ಹೊಸದಲ್ಲ. ಅದು ಬ್ರಷ್‌ನ ಆಯುಸ್ಸನ್ನು ಒಂದಿಷ್ಟು ಹೆಚ್ಚಿಸುತ್ತದೆ, ಅಷ್ಟೆ. ಗಂಡಸರ ರೇಜರ್‌ನಲ್ಲಿ ಹಿಡಿ ಉಳಿಸಿ ಬ್ಲೇಡ್ ಬದಲಿಸುವ ಪದ್ಧತಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಬ್ರಷ್‌ಗೂ ಹಾಗೆ ತಲೆಯನ್ನಷ್ಟೇ ಬದಲಿಸುವ ವಿನ್ಯಾಸಗಳಿವೆ, ಆದರೆ ನಮ್ಮ ಬಡಾವಣೆಯ ದಿನಸಿ ಅಂಗಡಿಗಳಲ್ಲಿ ನಾನು ಅವನ್ನು ಕಂಡಿಲ್ಲ. ಕೇಂದ್ರ ಪರಿಸರ ಸಚಿವಾಲಯ ಹೊಣೆಗಾರಿಕೆಯ ನಿಯಮವನ್ನು ಪ್ಯಾಕಿಂಗ್‌ನಿಂದಾಚೆ, ಬ್ರಷ್‌ನಂಥ ನಿತ್ಯಬಳಕೆಯ ವಸ್ತುಗಳಿಗೂ ವಿಸ್ತರಿಸಬೇಕು. ಹಳೆಯ ಬ್ರಷ್ಷನ್ನು ವಾಪಸು ಪಡೆಯುವ ಪೆಟ್ಟಿಗೆಯೊಂದನ್ನು ತಯಾರಕರ ಖರ್ಚಿನಲ್ಲಿ ಔಷಧದಂಗಡಿಗಳಲ್ಲಿ, ದಂತವೈದ್ಯರ ಕ್ಲಿನಿಕ್ಕುಗಳಲ್ಲಿ ಇಡಿಸುವುದರಿಂದ ಆ ಕೆಲಸವನ್ನು ಆರಂಭಿಸಬಹುದು.