ರಕ್ತ ತಗೊಂಡ್ರಿ, ರಿಪೋರ್ಟ್ ಎಲ್ಲಿ?



ನಮ್ಮ ಪಾವಗಡದ ಕೇರಿಗಳಲ್ಲಿ ಬೆನ್ನು ಬಗ್ಗಿದವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಜಗಲಿ ಮೇಲೆ ಕೂತೇ ಇರುತ್ತಾರೆ. ಒಡೆಯರ ಹೊಲದಲ್ಲಿ ಬಗ್ಗಿದ್ದು ಒಂದು ಪಾಲು, ಬೋರ್‌ವೆಲ್ ನೀರು ಬಗ್ಗಿಸಿದ್ದು ಇನ್ನೊಂದು ಪಾಲು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು ಅನ್ನುತ್ತಾರೆ. ಹೆಚ್ಚಾದರೆ ಮೊದಲು ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷ ಕಳೆದಂತೆ ಕೀಲು ಬಿಗಿಯುತ್ತದೆ, ಕಡೆಗೆ ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮದ್ದು ಇಲ್ಲ. ಒಳ್ಳೆ ನೀರೇ ಮದ್ದು.

ಕೆಲವು ವರ್ಷದ ಹಿಂದೆ ನಮ್ಮ ಕೇರಿಗೆ ಒಂದು ಜೀಪು ಬಂತು. ಮಕ್ಕಳ ಬಾಯಿ ತೆಗೆಸಿ ಹಲ್ಲು ನೋಡಿದರು. ಸೀಸೆಯಲ್ಲಿ ಉಚ್ಚೆ, ಸಿರಿಂಜಿನಲ್ಲಿ ರಕ್ತ ತಗೊಂಡರು. ಇಂಗ್ಲಿಷಿನ ಒಂದು ಫಾರಂ ಚಾಚಿ, 'ಇಲ್ಲಿ ಒತ್ತಮ್ಮ' ಅಂದರು. ನಮ್ಮ ಅಜ್ಜಿಯೊಬ್ಬಳು, 'ಇದ್ರಾಗೆ ಏನ್ ಬರ್ದೈತಪ್ಪಾ?' ಅಂದಳು. 'ನಿಮ್ ಒಳ್ಳೇದಕ್ಕೇ ಕಣಮ್ಮ' ಅಂತ ಉತ್ತರ ಬಂತು. ಅಜ್ಜಿ ಒತ್ತಿದಳು. ಜೀಪು ಹೋಯಿತು. ರಿಪೋರ್ಟು ಕೇರಿಗೆ ಬರಲಿಲ್ಲ.

'ನಿಮ್ ಒಳ್ಳೇದಕ್ಕೆ' ಅನ್ನುವ ಮಾತು ನಮಗೆ ಹೊಸದಲ್ಲ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರನೂ ಇದನ್ನೇ ಹೇಳಿದ್ದ. ಆ ಒಂದು ಗುರುತಿಗೆ ನಮ್ಮಪ್ಪಂದಿರು ವರ್ಷಗಟ್ಟಲೆ ಜೀತ ಮಾಡಿದರು. 1976ರಲ್ಲಿ ಜೀತ ರದ್ದಿನ ಕಾನೂನು ಬಂತು. ರಕ್ತದ ಬಿಟ್ಟಿ ಚಾಕರಿಯನ್ನು ಯಾರು ರದ್ದು ಮಾಡಿದರು?

ಮಲೆನಾಡಿಗೆ ಹೋಗಿ ನೋಡಿ. ಸಾಗರ ತಾಲ್ಲೂಕಿನ ಹಂದಿಗೋಡು. ಅಲ್ಲಿ ನೀರಿಗೆ ಬರವಿಲ್ಲ, ಆದರೂ ಮೂಳೆ ನಮ್ಮವರದ್ದೇ ಸವೆದಿದೆ. 1970ರ ದಶಕದ ನಡುವಿನಲ್ಲಿ ಛಲವಾದಿ, ಚನ್ನಂಗಿ ಜನರ ಸೊಂಟ, ಮೊಣಕಾಲು ಹಿಡಿದುಕೊಂಡ ಸುದ್ದಿ ಹೊರಗೆ ಬಂತು. ಕೆಲವರು ಕುಳ್ಳಾಗಿಯೇ ಉಳಿದರು, ಕೆಲವರು ತೆವಳಿದರು. ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ಕ್ರಿಮಿನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದಕ್ಕೆ ಹೀಗಾಯಿತು ಅಂತ ಕೆಲವರು ಅಂದರು. ವಂಶದಲ್ಲಿ ಇಳಿದುಬರುವ ಮೂಳೆರೋಗ ಅಂತ ಆಮೇಲಿನ ಸಂಶೋಧನೆ ಹೇಳಿತು. ರೋಗಕ್ಕೆ ಹಂದಿಗೋಡಿನ ಹೆಸರೇ ನಿಂತಿತು. ಬೇರಿನಿಂದ ಗುಣ ಮಾಡುವ ಮದ್ದು ಇವತ್ತಿಗೂ ಇಲ್ಲ. ಮದ್ದು ಸಿಗದೇ ಇರುವುದು ಯಾರ ತಪ್ಪೂ ಅಲ್ಲ ಅನ್ನೋಣ. ತೆವಳುವವರಿಗೆ ಒಂದು ಪಿಂಚಣಿ, ಒಂದು ಗಾಡಿ, ಒಂದು ಹೊತ್ತಿನ ಊಟ, ಇದಕ್ಕೂ ಸಂಶೋಧನೆ ಬೇಕೇ?

ಹಂದಿಗೋಡಿಗೆ ಮೊದಲು ಡಾಕ್ಟರು ಹೋದಾಗ ಸಂಶೋಧನೆಗೆ ಒಪ್ಪಿಗೆ ಹೇಗೆ ಪಡೆಯಬೇಕು ಅಂತ ವೈದ್ಯಕೀಯ ಮಂಡಳಿಯ ನೀತಿ ಹೇಳಿಕೆ ಇರಲಿಲ್ಲ. ಅದು ಬಂದದ್ದು 1980ರಲ್ಲಿ. ನಿಯಮ ಬಂದ ಮೇಲೆ ಏನಾಯಿತು? ನಮ್ಮ ಪಕ್ಕದ ಆಂಧ್ರವನ್ನೇ ನೋಡಿ. ಆಗ ಅದರಲ್ಲೇ ಇದ್ದ, ಈಗ ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರು. ಬಹಳ ಮಂದಿ ಆದಿವಾಸಿ ಹಾಸ್ಟೆಲುಗಳಲ್ಲಿದ್ದವರು. 2013ರಲ್ಲಿ ಸಂಸತ್ತಿನ ಸಮಿತಿ ಕೊಟ್ಟ ಲೆಕ್ಕ ಇದು: 9,543 ಒಪ್ಪಿಗೆ ಫಾರಂಗಳಲ್ಲಿ 1,948ಕ್ಕೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲ್ ವಾರ್ಡನ್ನರ ಸಹಿ. ತೀರಿಕೊಂಡ ಹುಡುಗಿಯರ ಸಾವಿಗೆ ಲಸಿಕೆ ಕಾರಣ ಅಂತ ಸಾಬೀತಾಗಲಿಲ್ಲ. ನಮ್ಮ ಜಗಳವೂ ಲಸಿಕೆಯ ಮೇಲಲ್ಲ. ಹೆತ್ತವರು ಬದುಕಿರುವಾಗ ಮಗಳ ಮೈಗೆ ವಾರ್ಡನ್ ಹೇಗೆ ಒಡೆಯನಾದ?

ಅಮೆರಿಕದ ಟಸ್ಕಿಗಿಯಲ್ಲೂ ಇದೇ ಕತೆ. ಪರಂಗಿ ರೋಗವಿದ್ದ 399 ಕರಿಯ ಗಂಡಸರನ್ನು 1932ರಿಂದ 1972ರವರೆಗೆ ಸುಮ್ಮನೆ ನೋಡುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಕರಿಯರ ಕೇರಿ, ಹೊಲೆಮಾದಿಗರ ಕೇರಿ, ಆದಿವಾಸಿ ಹಾಸ್ಟೆಲು. ಸೂಜಿಗೆ ದಾರಿ ಚೆನ್ನಾಗಿ ಗೊತ್ತು. ಬೆಂಗಳೂರಿನ ಬಂಗಲೆಯ ಗೇಟಿನಲ್ಲಿ ಇದೇ ಸೂಜಿ ಬೆಲ್ ಒತ್ತಿ ಕಾಯುತ್ತದೆ.

ಹಾಗಾದರೆ ನೀವು ವಿಜ್ಞಾನದ ವಿರೋಧಿಗಳಾ ಅಂತ ಕೆಲವು ವಿದ್ಯಾವಂತರು ಕೇಳುತ್ತಾರೆ. ಅಲ್ಲ ಸ್ವಾಮಿ. ಬೆನ್ನು ಬಾಗಿದ್ದು ಪೂರ್ವಜನ್ಮದ ಕರ್ಮದಿಂದ ಅಂತ ಪುರೋಹಿತ ಹೇಳಿದ. ನೀರಿನಿಂದ ಅಂತ ವಿಜ್ಞಾನ ಹೇಳಿತು, ಅದೂ 1937ರಲ್ಲೇ, ನೆಲ್ಲೂರಿನ ಕಡೆಯ ಹಳ್ಳಿಗಳನ್ನು ನೋಡಿ. ವಿಜ್ಞಾನ ನಮಗೆ ಬೇಕು. ಆದರೆ ನಾವು ಅದರ ಕಚ್ಚಾ ಮಾಲಾಗಿ ಇರಲಾರೆವು. ಏಕಲವ್ಯನ ಹೆಬ್ಬೆರಳನ್ನು ಕತ್ತರಿಸಿಕೊಂಡರು, ನಮ್ಮದನ್ನು ಒತ್ತಿಸಿಕೊಳ್ಳುತ್ತಿದ್ದಾರೆ. ಎರಡಕ್ಕೂ 'ಅವನೇ ಕೊಟ್ಟ' ಅಂತ ಬರೆದುಕೊಂಡರು.

ಕೇರಿಯ ಅವ್ವಂದಿರೇ, ಅಣ್ಣಂದಿರೇ, ಇವತ್ತು ನಿಯಮ ನಿಮ್ಮ ಕಡೆ ಇದೆ. ನಿಮಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು. ಓದು ಬಾರದವರ ಜೊತೆ ಅವರ ಕಡೆಗೂ ಸೇರದ ಸಾಕ್ಷಿಯೊಬ್ಬ ಇರಬೇಕು. ಬೇಡ ಅಂದರೆ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಒಪ್ಪಿದ ಮೇಲೂ ನಡುವೆ ಬಿಟ್ಟು ಬರಬಹುದು.

ಮತ್ತೆ ಜೀಪು ಬಂದರೆ ಓಡಿಸಬೇಡಿ. ಕೂರಿಸಿ, ನಮ್ಮ ನೀರನ್ನೇ ಒಂದು ಲೋಟ ಕೊಡಿ. ಆಮೇಲೆ ಕೇಳಿ: ನೀವು ಯಾರು? ಈ ರಕ್ತದಲ್ಲಿ ಏನು ನೋಡುತ್ತೀರಿ? ದುಡ್ಡು ಯಾರದ್ದು? ರಿಪೋರ್ಟು ಯಾವ ದಿನ ಈ ಜಗಲಿಗೆ ಬರುತ್ತದೆ? ರೋಗ ಸಿಕ್ಕರೆ ನೋಡಿಕೊಳ್ಳುವವರು ಯಾರು?

ಉತ್ತರ ಸಿಗುವವರೆಗೂ ಹೆಬ್ಬೆಟ್ಟನ್ನು ಮುಷ್ಟಿಯೊಳಗೇ ಮಡಚಿಟ್ಟುಕೊಳ್ಳಿ.